ಅನುಷಾಳ ಬೆಳ್ಳಿ ತಾಯತ

ಚೆನ್ನಾಗಿ ನಗುವ ಗಂಡಸರನ್ನು ದಾನೇಶ್ವರಿ ನಂಬುತ್ತಿರಲಿಲ್ಲ. ಈ ಗವಿಸಿದ್ದೇಶನೋ, ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನಗುತ್ತಿದ್ದ.

ಅವಳ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ತಂಗಿ ಅನುಷಾಗೆ ಥಲಸ್ಸೇಮಿಯಾ. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟುವುದಿಲ್ಲ. ತಿಂಗಳು ತಿಂಗಳು ಹಿಟ್ನಾಳದಿಂದ ಕೊಪ್ಪಳಕ್ಕೆ ಹೋಗಿ ಬೇರೆಯವರ ರಕ್ತ ಏರಿಸಿಕೊಂಡು ಬರಬೇಕು. ಹಿಂದೊಮ್ಮೆ ಟೈ ಕಟ್ಟಿದವನೊಬ್ಬ ಗಂಗಾವತಿಯ ಲಾಡ್ಜೊಂದರಲ್ಲಿ ಕೂತು, ತನ್ನ ಸ್ಟೆಮ್ ಸೆಲ್ ಇಂಜೆಕ್ಷನ್ ಒಂದೇ ಸಾಕು, ಹುಡುಗಿ ಜಿಂಕೆ ಓಡಿದಂತೆ ಓಡುತ್ತಾಳೆ ಎಂದಿದ್ದ. ಅವ್ವ ಪಂಪಾವತಿಯ ಮೈಮೇಲಿದ್ದ ಬಂಗಾರವೆಲ್ಲ ಅವನ ಪಾಲಾಯಿತು. ಇಂಜೆಕ್ಷನ್ನಿನಲ್ಲಿದ್ದದ್ದು ಬರೀ ಉಪ್ಪುನೀರು. ಆ ಪುಣ್ಯಾತ್ಮನೂ ಹೀಗೇ ನಗುತ್ತಿದ್ದ.

ಗವಿಸಿದ್ದೇಶ ಯಲಬುರ್ಗಾದವನು, ಸಂಶೋಧಕ. ಥಲಸ್ಸೇಮಿಯಾ ಇದ್ದ ಮನೆಗಳಿಗೆಲ್ಲ ಹೋಗಿ ರಕ್ತದ ಸ್ಯಾಂಪಲ್ ಕೇಳುವುದು ಅವನ ಕೆಲಸ.

"ರಕ್ತ ಹುಟ್ಟಸೋ ಸ್ಟೆಮ್ ಸೆಲ್ ಹೊರಗ ತಗದು, ಅದರಾಗಿನ ತಪ್ಪು ಜೀನ್ ತಿದ್ದಿ, ತಿರುಗಿ ಮೈಯಾಗ ಹಾಕೋದು. ನಮ್ಮ ಲ್ಯಾಬಿನ್ಯಾಗ ಅದನ್ನ ಮಾಡಿ ನೋಡಾಕತ್ತೀವ್ರಿ," ಎಂದು ಮೊದಲ ದಿನವೇ ಹೇಳಿದ್ದ. "ಅನುಷಾಗ ಇದರಿಂದ ಈಗ ಏನೂ ಲಾಭ ಇಲ್ಲ. ಮನಸ್ಸಿದ್ರ ಅಷ್ಟ ಕೊಡ್ರಿ."

"ಲಾಭ ಇಲ್ಲ ಅನ್ನೋರ ಮ್ಯಾಲ ನನಗ ಡೌಟ್ ಜಾಸ್ತಿ," ಎಂದಳು ದಾನೇಶ್ವರಿ. ಆದರೂ ಮನೆಯವರೆಲ್ಲ ಕೊಟ್ಟರು. ತಪ್ಪು ಜೀನಿನ ಒಂದು ಪಾಲು ದಾನೇಶ್ವರಿಯ ಮೈಯಲ್ಲೂ ಇದೆ, ಮುಂದೆ ಬಸುರಾದರೆ ಮೂರನೇ ತಿಂಗಳಲ್ಲಿ ಕೂಸಿನ ಪರೀಕ್ಷೆ ಮಾಡಿಸಬಹುದು ಎಂದು ಫಲಿತಾಂಶ ತಂದಾಗ ಅವನು ಹೇಳಿದ.

ಅಲ್ಲಿಗೆ ಅವನ ಕೆಲಸ ಮುಗಿಯಬೇಕಲ್ಲ? ಎಲ್ಲಿ ಬಂತು! ಅವಳು ಮೇಲ್ವಿಚಾರಣೆ ಮಾಡುವ ಟೊಮೆಟೊ ಬೀಜದ ಪ್ಲಾಟಿನವರೆಗೂ ಬರತೊಡಗಿದ. ಅಲ್ಲಿ ಹೆಂಗಸರು ಬೆರಳಿಗೆ ಪುಟ್ಟ ಬಟ್ಟಲಿನಂಥ ಉಂಗುರ ತೊಟ್ಟು, ಅದರೊಳಗಿನ ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸುತ್ತಾರೆ. ಹೈಬ್ರಿಡ್ ಬೀಜಕ್ಕಾಗಿ ಮಾಡುವ ಈ ಕೆಲಸಕ್ಕೆ ಕ್ರಾಸಿಂಗ್ ಎನ್ನುತ್ತಾರೆ.

"ಆ ಉಂಗುರ ಯಾರು ಹಾಕಿದ್ದು?" ಅವಳ ಬೆರಳು ತೋರಿಸಿ, ಪ್ಲಾಟಿನ ಬಲೆಯ ಆಚೆಯಿಂದ ಕೇಳಿದ.

"ಬೀಜದ ಕಂಪನಿಯವ್ರು. ಯಾಕ್ರಿ, ಹೊಟ್ಟಿಕಿಚ್ಚೇನು?"

"ಸ್ವಲ್ಪ ಐತ್ರಿ."

ಅವಳ ಕಿವಿ ಬಿಸಿಯಾಯಿತು. ಹೂವಿನ ಮೇಲಿಂದ ಕಣ್ಣೆತ್ತಿದಳು. ಅವನೂ ನೋಡುತ್ತಿದ್ದ, ರೆಪ್ಪೆ ಬಡಿಯದೆ. ಆಮೇಲೆ ಅದೇನಾಯಿತೋ, ಕಳ್ಳನ ಹಾಗೆ ಮುಖ ತಿರುಗಿಸಿ, ಎದೆಯ ಜೇಬನ್ನೊಮ್ಮೆ ಮುಟ್ಟಿಕೊಂಡು, ಬರುತ್ತೇನೆ ಎಂದೂ ಹೇಳದೆ ಹೊರಟುಬಿಟ್ಟ. ಪ್ರತಿ ಸಲವೂ ಇದೇ ಆಟ. ಏನನ್ನೋ ಮುಚ್ಚಿಡುತ್ತಿದ್ದಾನೆ, ಅದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ.

ಸೋಮವಾರ ದೇವರ ಜಗಲಿ ಒರೆಸುವಾಗ ಗೊತ್ತಾಯಿತು. ಅನುಷಾಳ ತಾಯತ ಇಲ್ಲ! ಹುಟ್ಟಿದಾಗ ಉದುರಿದ ಹೊಕ್ಕುಳಬಳ್ಳಿಯ ತುಣುಕನ್ನು ಒಣಗಿಸಿ, ಬೆಳ್ಳಿ ತಾಯತದಲ್ಲಿಟ್ಟು, ಅವ್ವ ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದಳು.

"ಗವಿಸಿದ್ದೇಶಗ ಕೊಟ್ಟೇನಿ," ಎಂದಳು ಪಂಪಾವತಿ. "ಹೊಕ್ಕುಳಬಳ್ಳ್ಯಾಗ ಸ್ಟೆಮ್ ಸೆಲ್ ಇರ್ತಾವಂತ. ಟಿವ್ಯಾಗ ಹೇಳಿದ್ರು."

"ಅಂವ ಏನಂದ ಯವ್ವಾ?"

"ಏನೂ ಅನ್ನಲಿಲ್ಲ. ಎರಡೂ ಕೈಲೆ ತಗೊಂಡ."

ಸಿಕ್ಕಿಬಿದ್ದೆಯಲ್ಲ! ದಾನೇಶ್ವರಿಗೆ ಸಿಟ್ಟು ನೆತ್ತಿಗೇರಿತು. ಬೆಳ್ಳಿ ಹೋದದ್ದಕ್ಕಲ್ಲ. ಈ ಮನುಷ್ಯ ಮೋಸಗಾರ ಆಗದಿರಲಿ ಎಂದು ತಾನು ಒಳಗೊಳಗೇ ಬೇಡಿಕೊಂಡಿದ್ದೆನಲ್ಲ, ಅದಕ್ಕೆ.

ಅಂದು ಅವನು ಪ್ಲಾಟಿಗೆ ಬಂದಾಗ ಬದುವಿನ ಮೇಲೆ ಅಡ್ಡ ನಿಂತಳು. "ತಾಯತ ಎಲ್ಲಿ?"

ಅವನು ಎದೆಯ ಜೇಬಿನಿಂದ ಕರ್ಚೀಫು ತೆಗೆದು ಬಿಚ್ಚಿದ. ತಾಯತ ಮುಚ್ಚಳ ಕೂಡ ಅಲುಗದೆ ಹಾಗೇ ಇತ್ತು.

"ಸ್ಟೆಮ್ ಸೆಲ್ ಇರೋದು ಹೆರಿಗಿ ಆದ ಕೂಡ್ಲೆ ತಗದ ಬಳ್ಳಿ ರಕ್ತದಾಗ್ರಿ. ಇದು ಯಾವಾಗೋ ಒಣಗೇತಿ, ಏನೂ ಉಳಿದಿರಂಗಿಲ್ಲ. ಅವ್ವಾರ ಮಾರಿ ನೋಡಿ ಹೇಳಾಕ ಬಾಯಿ ಬರಲಿಲ್ಲ. ಇವತ್ತ ಹೇಳೂಣು ಅಂತ ತರ್ತೀನಿ, ಹೇಳಲಾರ್ದ ಹೋಗ್ತೀನಿ."

"ಲಾಡ್ಜಿನಂವನೂ ಅವ್ವನ ಆಸಿ ಮುರೀಲಿಲ್ಲ ನೋಡ್ರಿ. ಗಪ್ಪ ಇದ್ರೂ ಮೋಸ ಮೋಸಾನ."

ಅವನು ತಲೆ ತಗ್ಗಿಸಿದ. "ಖರೇ ಐತ್ರಿ."

"ಮತ್ತೇನು ಮುಚ್ಚಿಟ್ಟೀರಿ?"

ಅವನು ತಾಯತವನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿದ. ಆಮೇಲೆ ಒಂದೇ ಉಸಿರಿಗೆ ಹೇಳಿದ. "ಆ ತಪ್ಪು ಜೀನ್ ಒಂದು ಪಾಲು ನಿಮ್ಮ ಮೈಯಾಗೂ ಐತಿ ಅಂತ ಹೇಳಿದ್ನಲ್ಲ. ನನ್ನ ಮೈಯಾಗೂ ಐತಿ. ನಮಗೇನೂ ಆಗಂಗಿಲ್ಲ. ಆದ್ರ ನಾವು ಮದುವಿ ಆದ್ರ, ಹುಟ್ಟೋ ಕೂಸಿಗೆ ಎರಡೂ ಪಾಲು ಕೂಡಿ ಅನುಷಾನ ಜಡ್ಡು ಬರಬಹುದು. ನಿಮ್ಮ ಮ್ಯಾಲ ಭಾಳ ಜೀವ ಐತ್ರಿ ನಂದು. ಅದಕ್ಕ ಬರಬಾರದು ಅಂತೀನಿ, ಮತ್ತ ಬರ್ತೀನಿ."

ದಾನೇಶ್ವರಿ ಬದುವಿನ ಮೇಲೆ ಕೂತಳು. ಸಂತೋಷವಾಯಿತು, ಸಂಕಟವೂ ಆಯಿತು. ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ನನ್ನ ಕೇಳದ, ನನ್ನ ಪರವಾಗಿ ನೀವ ಬ್ಯಾಡ ಅಂದುಬಿಟ್ರೇನು? ಭಾಳ ಶ್ಯಾಣ್ಯಾ ಅದೀರಿ! ಮೊದಲ ಅವ್ವಗ ಖರೇ ಹೇಳ್ರಿ, ನನ್ನ ಮುಂದ. ನಮ್ಮ ಮಾತು ಆಮ್ಯಾಲ."

ಪಂಪಾವತಿ ಜೋಳ ಹಸನು ಮಾಡುತ್ತಿದ್ದಳು. ಗವಿಸಿದ್ದೇಶ ಅವಳೆದುರು ನೆಲದ ಮೇಲೆ ಕೂತು, ತಾಯತವನ್ನು ಕೈಗಿಟ್ಟು, ಒಣಗಿದ ಬಳ್ಳಿಯ ಸಂಗತಿಯನ್ನೆಲ್ಲ ಹೇಳಿದ. ಅವ್ವ ತಾಯತವನ್ನೇ ನೋಡುತ್ತ ಕೂತಳು. ಕಣ್ಣೀರು ಮೊರದೊಳಗಿನ ಜೋಳದ ಮೇಲೆ ಬಿತ್ತು.

"ಲಾಡ್ಜಿನಂವ ಸುಳ್ಳ ಹೇಳಿ ನಗಿಸಿದ್ದ," ಎಂದಳು ಕಡೆಗೆ. "ನೀ ಖರೇ ಹೇಳಿ ಅಳಿಸಿದಿ, ತಮ್ಮಾ." ಸೆರಗಿನಿಂದ ಮುಖ ಒರೆಸಿಕೊಂಡು, ತಾಯತವನ್ನು ಜಗಲಿಯ ಮೇಲೆ ಮೊದಲಿದ್ದಲ್ಲೇ ಇಟ್ಟಳು. "ಬಿಸಿ ರೊಟ್ಟಿ ಅದಾವು. ಉಂಡು ಹೋಗು."

ಊಟಕ್ಕೆ ಕೂತಾಗ ಅನುಷಾ ಅಕ್ಕನ ಕಿವಿಯಲ್ಲಿ ಉಸುರಿದಳು. "ಇವರಿಗೆ ಇನ್ನ ಸರ್ ಅನ್ನಲ್ಯಾ, ಮಾಮಾ ಅನ್ನಲ್ಯಾ?"

"ಸುಮ್ನ ಉಣ್ಣ," ಎಂದಳು ದಾನೇಶ್ವರಿ. ನಗು ತಡೆಯಲು ಒಂದು ಲೋಟ ನೀರೇ ಬೇಕಾಯಿತು.

ಹೊರಡುವಾಗ ಅವನನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿದಳು. "ಬಸುರಾದ ಮೂರನೇ ತಿಂಗಳದಾಗ ಪರೀಕ್ಷಾ ಮಾಡಿದ್ರ ಕೂಸಿನ ಜಡ್ಡು ಗೊತ್ತಾಕ್ಕೈತಿ ಅಂತ ಹೇಳಿದ್ರಲ್ಲ?"

"ಹೌದ್ರಿ. ಆದ್ರ ಉತ್ತರ ಕೆಟ್ಟದ್ದ ಬಂದ್ರ..."

"ಬಂದ್ರ, ಅವತ್ತೂ ಹಿಂಗ ನನ್ನೆದುರು ಕೂತು ಹೇಳ್ತೀರೇನು? ಜೇಬಿನ್ಯಾಗ ಇಟ್ಕೊಂಡು ತಿರಗಂಗಿಲ್ಲಲ್ಲ?"

"ಇಲ್ಲ. ಮೊದಲ ನಿಮಗ ಹೇಳ್ತೀನಿ. ನೀವು ಏನ್ ಅಂತೀರೋ ಅದನ್ನ ಇಬ್ಬರೂ ಕೂಡಿ ಹೊರೂಣು."

ಹೀಗೆನ್ನುವಾಗ ಅವನು ನಗಲಿಲ್ಲ. ದಾನೇಶ್ವರಿಗೆ ನಂಬಿಕೆ ಬಂದದ್ದು ಅದಕ್ಕೇ.

"ಹಂಗಾರ ನಿಮ್ಮವ್ವನ್ನ ಕರಕೊಂಡು ಬರ್ರಿ," ಎಂದಳು. "ಅವರಿಗೂ ಎಲ್ಲಾ ಹೇಳೇ ಕರಕೊಂಡು ಬರ್ರಿ."