ಗೂಳಿ ದಾಟಿದ ನೀಲಿ ಗೆರೆ

ಐಸ್ ಹಾಕಿ ತಂಡದ ಹುಡುಗಿಯರೆಲ್ಲ ಅವಳನ್ನು ಗೂಳಿ ಎಂದೇ ಕರೆಯುತ್ತಿದ್ದರು. ಫೈನಲ್ಲಿನ ಹಿಂದಿನ ದಿನ, ಮೀಟಿಂಗ್ ರೂಮಿನ ಪರದೆಯ ಮೇಲೆ ಆ ಗೂಳಿ ಒಂದೇ ಸಮನೆ ಸೋಲುತ್ತಿದ್ದಳು. ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಕೋಲಿನಲ್ಲಿ ತಳ್ಳಿಕೊಂಡು, ಎದುರಾಳಿಗಳ ವಲಯ ಶುರುವಾಗುವ ನೀಲಿ ಗೆರೆಯತ್ತ ನುಗ್ಗುತ್ತಾಳೆ, ಇಬ್ಬರು ಅಡ್ಡ ಬರುತ್ತಾರೆ, ಪಕ್ ಹೋಯಿತು. ಮುಂದಿನ ತುಣುಕಿನಲ್ಲೂ ಅವಳೇ.

"ಸಾಕು, ನಿಲ್ಸಪ್ಪ," ಎಂದರು ಕೋಚ್ ಮೇಡಂ. "ನಾಳೆ ಗೆರೆ ಹತ್ರ ಬಂದ್ರೆ ಪಕ್ಕನ್ನ ಆ ಕಡೆ ಗೋಡೆಗೆ ಹೊಡೆದು ಅದರ ಹಿಂದೆ ಓಡಿ. ಗೂಳಿ, ಹೀಗೆ ಕಳ್ಕೊಂಡ್ರೆ ಬೆಂಚಲ್ಲಿ ಕೂತಿರ್ತೀಯ."

ತುಣುಕುಗಳನ್ನು ಜೋಡಿಸಿದವನು ವಿಡಿಯೋ ಹುಡುಗ. ಪ್ರ್ಯಾಕ್ಟೀಸಿನಲ್ಲಿ ಅವನ ಕಣ್ಣು ತನ್ನ ಹಿಂದೆಯೇ ಇರುವುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದು ಖುಷಿಯೂ ಇತ್ತು. ಈಗ ಮೈ ಉರಿಯಿತು.

"ಇಷ್ಟು ದಿನ ನನ್ನ ನೋಡಿದ್ದು ಇದಕ್ಕಾ?" ಕಾರಿಡಾರಿನಲ್ಲಿ ಅಡ್ಡಗಟ್ಟಿ ಕೇಳಿದಳು.

"ಕೆಟ್ಟದ್ದು ಮೊದಲು, ಒಳ್ಳೇದು ಆಮೇಲೆ ಅಂತ ಜೋಡಿಸಿದ್ದೆ. ಮೇಡಂ ಅರ್ಧಕ್ಕೇ ನಿಲ್ಲಿಸಿಬಿಟ್ರು. ತಪ್ಪು ನಂದೇ. ಉಳಿದದ್ದು ನೋಡು ಬಾ."

ಲ್ಯಾಪ್‌ಟಾಪಿನಲ್ಲಿ ಅದೇ ಗೂಳಿ, ಅದೇ ಗೆರೆ. ಆದರೆ ಇಬ್ಬರನ್ನು ತನ್ನತ್ತ ಎಳೆದುಕೊಂಡು ಪಕ್ಕನ್ನು ಅಡ್ಡಕ್ಕೆ, ಗೆಳತಿಯತ್ತ ಜಾರಿಸುತ್ತಾಳೆ. ಗೋಲು.

"ನಮ್ಮ ಗೋಲೆಲ್ಲ ಹೆಚ್ಚುಕಮ್ಮಿ ಹೀಗೇ ಬಂದಿರೋದು. ಗೋಡೆಗೆ ಹೊಡೆದದ್ದೆಲ್ಲ ಎದುರಾಳಿಗಳ ಪಾಲು. ಉಳಿದವರು ಯಾಕೆ ಕಳ್ಕೊಂಡಿಲ್ಲ ಹೇಳು? ಯಾರೂ ಪಕ್ ತಳ್ಕೊಂಡು ಗೆರೆ ದಾಟೋ ಧೈರ್ಯಾನೇ ಮಾಡಿಲ್ಲ."

ಅವಳ ಸಿಟ್ಟು ಇಳಿಯಿತು. ಕತ್ತು ನೆಟ್ಟಗಾಯಿತು.

"ಹೌದು ಕಣೇ," ತಂಡದ ಗೋಲ್‌ಕೀಪರ್, ಅವಳ ಅಕ್ಕ, ಹಿಂದಿನಿಂದ ಇಣುಕಿದಳು. "ನೇರ ಬಂದ್ರೆ ಆಕಳಿಸ್ತಾ ತಡೀತೀನಿ. ಅಡ್ಡ ಪಾಸ್ ಬಂತೋ, ಜೀವ ಬಾಯಿಗೆ ಬರುತ್ತೆ. ಅದಿರ್ಲಿ, ಇಷ್ಟು ಅಂಟ್ಕೊಂಡು ಕೂತಿದೀರಲ್ಲ, ಪರದೆ ಅಷ್ಟು ಚಿಕ್ಕದಾ?"

ಇಬ್ಬರೂ ದೂರ ಸರಿದರು. ತುಸುವೇ.

ಫೈನಲ್ಲಿನಲ್ಲಿ ಅವಳು ಮೊದಮೊದಲು ಮೇಡಂ ಮಾತು ಕೇಳಿದಳು. ಗೋಡೆಗೆ ಹೊಡೆದ ಪಕ್ಕೆಲ್ಲ ಎದುರಾಳಿಗಳ ಪಾಲಾಯಿತು. ಕೊನೆಯ ನಿಮಿಷಗಳು ಬಂದರೂ ಸ್ಕೋರ್ ಸಮ. ಪಕ್ ಅವಳ ಕೋಲಿಗೆ ಸಿಕ್ಕಿತು. ಕಳೆದುಕೊಂಡರೆ ಬೆಂಚು, ಪ್ರಾಯಶಃ ಕಪ್ಪೂ ಹೋದಂತೆ. ಅವಳು ತಳ್ಳಿಕೊಂಡೇ ನುಗ್ಗಿದಳು.

"ಗೂಳಿ!" ಮೇಡಂ ಕಿರುಚಿದರು.

ಗೆರೆ ದಾಟಿದಳು. ಇಬ್ಬರು ಮೇಲೆ ಬಿದ್ದರು. ತಾನೇ ಹೊಡೆಯುವ ಆಸೆ ಮೊಣಕೈತನಕ ಬಂದಿತ್ತು. ಅದನ್ನು ನುಂಗಿಕೊಂಡು ಪಕ್ಕನ್ನು ಅಡ್ಡಕ್ಕೆ ತಳ್ಳಿದಳು. ಎದುರಾಳಿ ಗೋಲ್‌ಕೀಪರ್ ಅತ್ತ ಹೊರಳುವಷ್ಟರಲ್ಲಿ ಗೆಳತಿ ಪಕ್ಕನ್ನು ಬಲೆಗೆ ನೂಕಿಯಾಗಿತ್ತು. ಬೈಯಲು ತೆರೆದಿದ್ದ ಬಾಯಲ್ಲೇ ಮೇಡಂ ಜೈಕಾರ ಹಾಕಿದರು.

ಆಟ ಮುಗಿದ ಮೇಲೆ ವಿಡಿಯೋ ಹುಡುಗ ಮೆಟ್ಟಿಲಿಳಿದು ಐಸ್ ರಿಂಕಿನ ಬಾಗಿಲಿಗೆ ಬಂದ.

"ಗೋಲು ನಿನ್ನ ಗೆಳತಿ ಲೆಕ್ಕಕ್ಕೆ ಹೋಯ್ತು. ಬೇಜಾರಾ?"

"ಯಾತಕ್ಕೆ? ಗೇಟು ಮುರಿದವಳು ನಾನು." ಹೆಲ್ಮೆಟ್ ತೆಗೆದಳು. ಕೂದಲು ಹಣೆಗೆ ಅಂಟಿತ್ತು, ಮೂಗು ಕೆಂಪಾಗಿತ್ತು. "ನೀನಂದ್ರೆ ನಂಗಿಷ್ಟ. ನಿಂಗೆ?"

ಎಲ್ಲರ ಆಟವನ್ನೂ ಬಿಡಿಸಿ ಹೇಳುವವನು ಗೋಣಾಡಿಸಿದ, ಅಷ್ಟೆ.

"ಬಾಯಲ್ಲಿ ಹೇಳೋ."

"ಇಷ್ಟ. ತುಂಬಾ. ಕ್ಯಾಮೆರಾ ಪಕ್ ಹಿಂದೆ ಹೋಗ್ಬೇಕಿತ್ತು. ವಿಡಿಯೋದಲ್ಲಿ ಗೋಲೇ ಸಿಕ್ಕಿಲ್ಲ. ಪಾಸ್ ಆದಮೇಲೂ ನಿನ್ನ ಮೇಲೇ ಇತ್ತು."

"ಕೆಲ್ಸಗೇಡಿ," ಎಂದಳು. ಒದ್ದೆ ಗ್ಲೌಸಿನಲ್ಲೇ ಅವನ ಕೈ ಹಿಡಿದು, ಇಡೀ ತಂಡ ನೋಡುತ್ತಿರುವಂತೆ, ಗೆದ್ದ ಕಪ್ಪಿನತ್ತ ಎಳೆದುಕೊಂಡು ಹೋದಳು.