ಬೆತ್ತದ ಹೊರೆ

ಕ್ಯಾಸನೂರು ಕಡೆಯ ಕಾಡಿನಲ್ಲಿ ಮಂಗಗಳು ಸತ್ತು ಮರದಿಂದ ಬೀಳತೊಡಗಿ ವರ್ಷವಾಗಿತ್ತು. ಹಿಂದಿನ ಬೇಸಿಗೆಯಲ್ಲಿ ಮಂಗಗಳ ಬೆನ್ನಿಗೇ ಮನುಷ್ಯರೂ ಜ್ವರ ಬಂದು ಸತ್ತಿದ್ದರು. ಈ ಸಲವೂ ಬಿಸಿಲೇರುತ್ತಿದ್ದಂತೆ ಸೊರಬದ ಬಸ್ಸಿನವರು ಅದೇ ಸುದ್ದಿ ಹೊತ್ತು ತರತೊಡಗಿದ್ದರು. ಹೂವಮ್ಮ ಶಿಕಾರಿಪುರದ ಧರ್ಮಾಸ್ಪತ್ರೆಗೆ ತರಬೇತಿಗೆ ಬಂದದ್ದು ಅಂಥ ದಿನಗಳಲ್ಲಿ.

ಅವಳು ಬಳ್ಳಿಗಾವಿಯ ಹುಡುಗಿ. ಮುಂಬಯಿಯ ಗಿರಣಿಯಲ್ಲಿದ್ದ ಸೋದರಮಾವನ ಮನೆಯಲ್ಲಿ ಬೆಳೆದು, ಅಲ್ಲೇ ಆಕ್ಯುಪೇಶನಲ್ ಥೆರಪಿ ಓದುತ್ತಿದ್ದಳು. ಬಿದ್ದುಹೋದ ಕೈಕಾಲಿಗೆ ಕೆಲಸ ಹಚ್ಚಿ, ಕೆಲಸದಿಂದಲೇ ಜೀವ ತುಂಬುವ ವಿದ್ಯೆ. ಶಿಕಾರಿಪುರದವರ ಬಾಯಲ್ಲಿ ಅದು 'ಕೆಲ್ಸದ ಮದ್ದು'. ಕೊನೆಯ ವರ್ಷದವರು ಯಾರಾದರೂ ಹಿರಿಯರ ಕಣ್ಣೆದುರು ಮೂರು ತಿಂಗಳು ರೋಗಿಗಳ ಜೊತೆ ದುಡಿಯಬೇಕು. ಹಿರಿಯರು ಸೈ ಅಂದರೆ ಪಾಸು.

ಇಲ್ಲಿ ಆ ಹಿರಿಯರು ರಾಜೇಶ್ವರಮ್ಮ. ಬಿಳಿ ಸೀರೆ, ಕಮ್ಮಿ ಮಾತು. ಮೂಲೆಯ ಕುರ್ಚಿಯಲ್ಲಿ ಕೂತರೆ ವಾರ್ಡಿನ ನೊಣವೂ ಅವರ ಕಣ್ಣು ತಪ್ಪಿಸುತ್ತಿರಲಿಲ್ಲ. "ಕೈ ಹಿಡಿಯೋದು ಇಲ್ಲಿ ವಿದ್ಯೆ ಕಣಮ್ಮ, ಸಲಿಗೆ ಅಲ್ಲ," ಎಂದು ಮೊದಲ ದಿನವೇ ಹೇಳಿದ್ದರು.

ಮೊದಲ ವಾರವೇ ಜಗಳ. ಲಕ್ವ ಹೊಡೆದು ಬಲಗೈ ಬಿದ್ದಿದ್ದ ಹುಚ್ಚರಾಯಪ್ಪನನ್ನು ಕೂರಿಸಿಕೊಂಡು ಹೂವಮ್ಮ ತಟ್ಟೆಯಲ್ಲಿ ಅವರೆಕಾಳು ಆರಿಸಲು ಹಚ್ಚಿದ್ದಳು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಬಾಗಿಲಲ್ಲೇ ನಿಂತು ಗದರಿದ.

"ಏನ್ರೀ ಇದು? ಹುಷಾರಿಲ್ಲ ಅಂತ ಆಸ್ಪತ್ರೆಗೆ ಸೇರಿಸಿದ್ರೆ ಕಾಳು ಆರಿಸಕ್ಕೆ ಹಚ್ಚೀರಲ್ಲ! ನಿಮ್ಮನೆ ಆಳೇನ್ರೀ ನಮ್ಮಪ್ಪ?"

"ನೀವ್ಯಾರು?"

"ಮಗ. ಹೊಸಬಾಳೆ ಗುತ್ಯಪ್ಪ."

"ಹಂಗಾದ್ರೆ ನೀವೂ ಕೂತ್ಕೊಳ್ರಿ. ಎಡಗೈಲಿ ಆರಿಸಿ ನೋಡಣ."

ಅವನು ಹಟಕ್ಕೆ ಬಿದ್ದು ಕೂತ. ನೂರು ಕುರಿ ಕಾಯುವ ಗಂಡಸಿನ ಎಡಗೈಯಿಂದ ಕಾಳುಗಳು ನೆಲದ ತುಂಬ ಹಾರಿದವು. ಹುಚ್ಚರಾಯಪ್ಪ ಅರ್ಧ ಬಾಯಲ್ಲೇ ಗೊಳ್ಳನೆ ನಕ್ಕ. ಲಕ್ವ ಹೊಡೆದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ಗುತ್ಯಪ್ಪ ಅಪ್ಪನ ಮುಖವನ್ನೇ ನೋಡಿದ. ಆಮೇಲೆ ನಿಧಾನವಾಗಿ ಹೂವಮ್ಮನ ಕಡೆ ತಿರುಗಿದ. ಆ ನೋಟಕ್ಕೆ ಅವಳು ತಟ್ಟೆ ಎತ್ತಿಕೊಂಡು, ಇಲ್ಲದ ಕೆಲಸ ಹುಡುಕಿಕೊಂಡು ಒಳಗೆ ಹೋದಳು.

ಅಲ್ಲಿಂದ ಮುಂದೆ ಅವನಿಗೆ ಶಿಕಾರಿಪುರದಲ್ಲಿ ಎಲ್ಲಿಲ್ಲದ ಕೆಲಸಗಳು. ಬಂದಾಗಲೆಲ್ಲ ಅಪ್ಪನ ಮಂಚದ ಕಾಲುದೆಸೆಯಲ್ಲಿ ಕೂರುವನು.

"ಡಾಕ್ಟ್ರಮ್ಮ, ನಂಗೂ ಒಂದು ರೋಗ ಐತ್ರೀ."

"ನಾನು ಡಾಕ್ಟ್ರಲ್ಲ. ಏನು ರೋಗ?"

"ಊರಿಗೆ ಹೋದ್ರೆ ಶುರುವಾಗ್ತತೆ. ಈ ಬಾಗ್ಲು ದಾಟಿದ್ರೆ ವಾಸಿ."

ಹೂವಮ್ಮ ತುಟಿ ಕಚ್ಚಿ ನಗು ನುಂಗಿದಳು. ಮೂಲೆಯಿಂದ ರಾಜೇಶ್ವರಮ್ಮನ ದನಿ ಬಂತು: "ಹೂವಮ್ಮ, ರೋಗಿ ಈ ಕಡೆ ಇದಾರೆ."

ಹುಚ್ಚರಾಯಪ್ಪನ ಬೆರಳುಗಳು ಮಡಚತೊಡಗಿದವು. ಇನ್ನು ಬುಟ್ಟಿ ಹೆಣೆಸಬೇಕು. "ಪೇಟೇಲಿ ಒಳ್ಳೇ ಬೆತ್ತ ಸಿಗಲ್ವಂತೆ," ಎಂದಳು ಹೂವಮ್ಮ. ಯಾರಿಗೆಂದು ಹೇಳಿದ ಮಾತಲ್ಲ ಅದು.

ಮುಂದಿನ ಸಲ ಗುತ್ಯಪ್ಪ ಬಂದದ್ದು ಹಸಿ ಬೆತ್ತದ ಹೊರೆ ಹೊತ್ತು. ಕೈಯೆಲ್ಲ ಮುಳ್ಳು ಗೀರಿದ ಗಾಯ. ಮುಖದ ತುಂಬ ಬೆಳಕು.

"ಇಷ್ಟು ಸಾಕೇನ್ರೀ?"

"ಅಯ್ಯೋ, ಎಲ್ಲಿಂದ ತಂದ್ರಿ?"

"ಕಾಡಿಂದ. ಬೆತ್ತದ ಪೊದೆ ಬುಡದಲ್ಲಿ ಎರಡು ಮಂಗ ಸತ್ತು ಬಿದ್ದಿದ್ವು. ಯಾರೂ ಆ ಕಡೆ ಸುಳೀತಿಲ್ಲ, ಅದ್ಕೇ ಇಂಥಾ ಬೆತ್ತ ಉಳ್ಕಂಡೈತೆ."

ಹೂವಮ್ಮನ ಕೈಯಿಂದ ಹೊರೆಯ ಹಗ್ಗ ಜಾರಿತು. ಅವನ ಕಿವಿಯ ಹಿಂದೆ, ಕೂದಲಂಚಿಗೆ, ರಕ್ತ ಕುಡಿದು ಉಬ್ಬಿದ ಉಣುಗೊಂದು ಕಚ್ಚಿ ಕೂತಿತ್ತು. ಕಾಡಿನ ಜ್ವರ ಈ ಉಣುಗಿನಿಂದಲೇ ಬರುವುದೆಂದು ದೂರದಿಂದ ಬಂದ ಡಾಕ್ಟರರು ಹೇಳಿದ್ದು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಅವಳು ಚಿಮಟ ತಂದು ಅದನ್ನು ಕಿತ್ತಳು. ಅವನ ಕತ್ತು ಬೆಚ್ಚಗಿತ್ತು. ಅವಳ ಉಸಿರು ತಗುಲಿ ಅವನು ಕಣ್ಣು ಮುಚ್ಚಿದ್ದ.

"ಹಿಂಗೆ ಅಂತ ಗೊತ್ತಿದ್ರೆ ಇನ್ನೂ ನಾಕು ಹತ್ತಿಸ್ಕಂಡು ಬರ್ತಿದ್ದೆ," ಎಂದ.

"ಸುಮ್ನಿರ್ರಿ!" ಅವಳು ಚಿಮಟ ಕೆಳಗಿಟ್ಟಳು. "ನಾನು ಯಾಕಾದ್ರೂ ಬೆತ್ತದ ಮಾತೆತ್ತಿದ್ನೋ."

ವಾರ ಕಳೆಯಿತು. ಗುತ್ಯಪ್ಪ ಬರಲಿಲ್ಲ. ಮೈ ಸುಡುವ ಜ್ವರವಂತೆ, ತಲೆ ಸಿಡಿಯುವ ನೋವಂತೆ, ಒಸಡಿನಲ್ಲಿ ರಕ್ತವಂತೆ ಎಂದು ಹೊಸಬಾಳೆಯಿಂದ ಬಂದವರು ಹೇಳಿದರು. ಹುಚ್ಚರಾಯಪ್ಪ ಮಗನ ಬೆತ್ತದಲ್ಲೇ ಬುಟ್ಟಿಯ ತಳ ಹೆಣೆಯುತ್ತಿದ್ದ. ಹೂವಮ್ಮ ಅವನ ಬೆರಳು ತಿದ್ದುತ್ತ ಬಾಗಿಲ ಕಡೆ ನೋಡುವಳು. ಸೊರಬದ ಬಸ್ಸಿನ ಹಾರನ್ ಕೇಳಿದರೆ ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುವಳು.

ಆಮೇಲೊಂದು ಮುಂಜಾನೆ ಅವನೇ ಬಂದ. ಮೈ ಇಳಿದಿತ್ತು, ನಗು ಇಳಿದಿರಲಿಲ್ಲ. "ಜ್ವರ ಬಿಡ್ತು ಕಣ್ರೀ. ಯಮನಿಗೂ ನಮ್ಮ ಕುರಿ ಕಾಯೋರು ಸಿಗಲಿಲ್ಲ, ವಾಪಸ್ ಕಳಿಸ್ದ." ವಾರ್ಡೆಲ್ಲ ನಕ್ಕಿತು. ರಾಜೇಶ್ವರಮ್ಮ ಒಬ್ಬರೇ ನಗಲಿಲ್ಲ. ಅವನು ಹೋದ ಮೇಲೆ ಹೂವಮ್ಮನನ್ನು ಕರೆದು ಮೆಲ್ಲಗೆ ಹೇಳಿದರು: "ಈಗ್ಲೇ ಆಸೆ ಇಟ್ಕೋಬೇಡ. ಈ ಜ್ವರ ಕೆಲವರಿಗೆ ಒಂದ್ಸಲ ಬಿಟ್ಟಂಗೆ ಮಾಡಿ ತಿರುಗಿ ಬರತ್ತೆ."

ತಿರುಗಿ ಬಂತು. ಈ ಸಲ ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ಕತ್ತು ಸೆಟೆದಿತ್ತು, ಕಣ್ಣು ಬೆಳಕನ್ನು ತಡೆಯುತ್ತಿರಲಿಲ್ಲ. ಅಪ್ಪನ ಪಕ್ಕದ ಮಂಚದಲ್ಲೇ ಅವನು ಯಾರ್ಯಾರನ್ನೋ ಕೂಗುತ್ತ ಬಿದ್ದಿದ್ದ. ಕೂಗಿದ ಹೆಸರುಗಳಲ್ಲಿ ಅವಳದೂ ಇತ್ತು. ಆ ಬೇಸಿಗೆ ಆ ವಾರ್ಡಿನಿಂದ ಕೆಲವರನ್ನು ಮುಖಕ್ಕೂ ಬಟ್ಟೆ ಹೊದಿಸಿ ಒಯ್ದಿದ್ದರು. ಪ್ರತಿ ಬೆಳಗ್ಗೆ ಹೂವಮ್ಮ ಮೊದಲು ಅವನ ಹೊದಿಕೆಯನ್ನು ನೋಡುವಳು, ಎದೆಯ ಮೇಲೆ ಅದು ಏಳುತ್ತಿದೆಯೇ ಎಂದು. ಆಮೇಲೆ ಕೆಲಸ.

ಕಡೆಗೆ ಜ್ವರ ಇಳಿಯಿತು. ಆದರೆ ಅವನ ಕೈಗಳು ನಡುಗುತ್ತಿದ್ದವು. ನೀರಿನ ಲೋಟ ಬಾಯಿಗೆ ಮುಟ್ಟುವಷ್ಟರಲ್ಲಿ ಎದೆಯೆಲ್ಲ ಒದ್ದೆ. ಹೂವಮ್ಮ ಅವನ ಮಣಿಕಟ್ಟು ಹಿಡಿದು ಲೋಟ ಎತ್ತಿಸಿದಳು. ಲೋಟ ತುಟಿಗೆ ತಲುಪಿತು. ನೀರು ಕುಡಿದಾಯಿತು. ಅವಳ ಕೈ ಅಲ್ಲೇ ಉಳಿಯಿತು.

ರಾಜೇಶ್ವರಮ್ಮ ಅವಳನ್ನು ಹೊರಗೆ ಕರೆದರು.

"ನೀನು ಅವನ ಥೆರಪಿಸ್ಟಾ, ಇಲ್ಲ ಅವನವಳಾ?"

ಹೂವಮ್ಮ ತಲೆ ತಗ್ಗಿಸಿದಳು.

"ಎರಡೂ ಆಗಕ್ಕಾಗಲ್ಲ, ಮಗಾ. ರೋಗಿ ನಮ್ಮ ಕೈಲಿ ಸಿಕ್ಕಿದ ಜೀವ. ಋಣ ಯಾವುದು, ಮನಸ್ಸು ಯಾವುದು ಅಂತ ಅವನಿಗೆ ತಿಳಿಯಲ್ಲ. ಥೆರಪಿಸ್ಟಾಗಿದ್ರೆ ದೂರ ನಿಂತು ಕೆಲಸ ಮುಗಿಸು, ಪಾಸ್ ಮಾಡ್ತೀನಿ. ಇಲ್ಲಾಂದ್ರೆ ಅವನ್ನ ನಂಗೆ ಬಿಡು. ಆದ್ರೆ ಈ ತರಬೇತಿ ಅಲ್ಲಿಗೆ ಮುರಿದಂಗೆ. ಮುಂಬಯಿಲಿ ಮೊದಲಿಂದ ಮಾಡ್ಬೇಕು."

ಕಿಟಕಿಯಾಚೆ ಗುತ್ಯಪ್ಪ ನಡುಗುವ ಕೈಯನ್ನು ಇನ್ನೊಂದು ನಡುಗುವ ಕೈಯಿಂದ ಅದುಮಿ ಹಿಡಿಯಲು ಹೆಣಗುತ್ತಿದ್ದ. ಹೂವಮ್ಮ ಅತ್ತ ನೋಡುತ್ತಲೇ ತನ್ನ ಬಿಳಿ ಕೋಟು ಕಳಚಿದಳು.

"ನೀವೇ ನೋಡ್ಕೊಳ್ಳಿ, ಅಮ್ಮಾ."

ರಾಜೇಶ್ವರಮ್ಮ ಅವಳ ತಲೆ ಸವರಿ ಒಳಗೆ ಹೋದರು. ಮರುದಿನ ಸಂಜೆ, ರೋಗಿಗಳ ಮನೆಯವರನ್ನು ಬಿಡುವ ಹೊತ್ತಿಗೆ, ಹೂವಮ್ಮ ಆ ಮನೆಯವರ ಸಾಲಿನಲ್ಲೇ ನಿಂತು ಒಳಗೆ ಬಂದಳು. ಬಿಳಿ ಕೋಟು ಇರಲಿಲ್ಲ. ಬೆಂಚಿನ ತುದಿಯಲ್ಲಿ ಕೂತಳು.

ಗುತ್ಯಪ್ಪ ಬೇರೆ ಕಡೆ ಮುಖ ಮಾಡಿಕೊಂಡೇ ಕೇಳಿದ: "ಬೆಳಗ್ಗಿಂದ ಆ ಅಮ್ಮಾರೇ ನೋಡಿದ್ರು. ನೀವ್ಯಾಕೆ ಮುಟ್ಟಲಿಲ್ಲ? ಇದು ವಾಸಿಯಾಗಲ್ಲ ಅಂತ ಕೈ ಬಿಟ್ರೇನ್ರೀ?"

"ಹೌದು, ಬಿಟ್ಟೆ."

"ಯಾಕೆ?"

"ಕೈ ಹಿಡಿಯಣ ಅಂತ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಪಕ್ಕದ ಮಂಚದ ಹುಚ್ಚರಾಯಪ್ಪ ಮೊದಲೇ ಅರ್ಥಮಾಡಿಕೊಂಡು, ಗೋಡೆಯ ಕಡೆ ಹೊರಳಿ ಮಲಗಿದ.

"ಇದು ನಿಲ್ಲೋ ನಡುಕ ಅಲ್ಲ ಅಂತಾರೆ," ಎಂದ ಗುತ್ಯಪ್ಪ. "ನಮ್ಮೂರು ಕಾಡಿನಂಚು. ನಾಳೆ ಏನೋ ಎಂತೋ. ಹೆದ್ರಿಕೆ ಆಗಲ್ವಾ?"

"ಆಗತ್ತೆ. ಬಿಟ್ಟು ಹೋದ್ರೆ ಇದಕ್ಕಿಂತ ಹೆಚ್ಚು ಆಗತ್ತೆ."

ಮುಂಗಾರು ಬಿದ್ದ ಮೇಲೆ ಜ್ವರ ಹಿಂದೆ ಸರಿಯಿತು. ಹೂವಮ್ಮ ಮುಂಬಯಿಗೆ ಹೋಗಿ ತರಬೇತಿ ಮತ್ತೆ ಮೊದಲಿಂದ ಮಾಡಿದಳು, ಪಾಸಾದಳು. ದೀಪಾವಳಿ ಕಳೆದು ಹೊಸಬಾಳೆಯಲ್ಲಿ ಮದುವೆ. ಧಾರೆಯ ನೀರು ಬೀಳುವಾಗ ಗುತ್ಯಪ್ಪನ ಕೈ ಗಡಗಡ ನಡುಗಿತು. ಮದುಮಗನಿಗೆ ನಾಚಿಕೆ ಎಂದು ಹೆಂಗಸರು ನಕ್ಕರು. ಚಪ್ಪರದಾಚೆ, ಒಣಗತೊಡಗಿದ ಕಾಡು ಸದ್ದಿಲ್ಲದೆ ನಿಂತಿತ್ತು. ಹೂವಮ್ಮ ಆ ಕಡೆ ನೋಡಲಿಲ್ಲ. ಅವನ ಅಂಗೈ ಕೆಳಗೆ ತನ್ನದನ್ನು ಕೊಟ್ಟು, ನೀರು ಚೆಲ್ಲದ ಹಾಗೆ ಗಟ್ಟಿಯಾಗಿ ಹಿಡಿದುಕೊಂಡಳು.