ದೊರೆ ಕಾಣೆಯಾದ ಮಧ್ಯಾಹ್ನ

ಪಂಜರದ ಬಾಗಿಲು ತೆರೆದಿತ್ತು. ಒಳಗೆ ಗಿಳಿ ಇರಲಿಲ್ಲ.

ಮನೆಯೊಡತಿ ಚೀರಿದ್ದು ಕೇಳಿ ಇನ್ಸ್‌ಪೆಕ್ಟರಮ್ಮ ಮಹಡಿಯಿಂದ ಧಡಧಡ ಇಳಿದು ಬಂದರು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದರೂ ಎಲ್ಲಾದರೂ ಚೀರಾಟ ಕೇಳಿದರೆ ಅವರ ಕಾಲು ಮೊದಲು ಓಡುತ್ತಿತ್ತು. ತಲೆ ಆಮೇಲೆ ಬಂದು ಸೇರಿಕೊಳ್ಳುತ್ತಿತ್ತು.

ತಂಗಿಯ ಜೊತೆ ಈ ದ್ವೀಪನಗರ ನೋಡಲು ಬಂದವರು ಅವರು. ಇಳಿದುಕೊಂಡದ್ದು ಬಂದರಿನ ಹಿಂದಿನ ಓಣಿಯ ಹಳೇ ಮನೆಯಲ್ಲಿ. ಮನೆಯೊಡತಿ ಒಬ್ಬಳೇ ಇದ್ದು ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುತ್ತಿದ್ದಳು. ಉಪ್ಪುಗಾಳಿಗೆ ಗೋಡೆಯ ನೀಲಿ ಬಣ್ಣ ಹಪ್ಪಳದಂತೆ ಎದ್ದಿತ್ತು. ಮುಂಬಾಗಿಲ ಒಳಗಣ ವರಾಂಡದ ತುಂಬ ಹೂವಿನ ಕುಂಡಗಳು, ನಡುವೆ ಹಿತ್ತಾಳೆಯ ಪಂಜರ, ಅದರೊಳಗೆ ದೊರೆ ಎಂಬ ಗಿಳಿ.

ಬಂದ ದಿನವೇ ದೊರೆ ಗಂಡಸಿನ ದಪ್ಪ ದನಿಯಲ್ಲಿ "ಬಾಗಿಲು ಹಾಕಿದ್ಯಾ?" ಎಂದು ಗದರಿತ್ತು. ತಂಗಿ ಬೆಚ್ಚಿ, "ಹಾಕಿದೀನಿ ಸಾರ್" ಎಂದಿದ್ದಳು. ಮನೆಯೊಡತಿ ನಕ್ಕುನಕ್ಕು ಕಣ್ಣೊರೆಸಿಕೊಂಡಿದ್ದಳು. ಅದು ತೀರಿಹೋದ ಅವಳ ಗಂಡನ ದನಿ.

ಈಗ ಅವಳು ಖಾಲಿ ಪಂಜರದ ಮುಂದೆ ಕುಸಿದು ಕೂತಿದ್ದಳು.

"ಇನ್ನೊಂದು ಗಿಳಿ ತಂದ್ರಾಯ್ತು ಅಂತಾರೆ ಎಲ್ರೂ. ಆ ದನಿ ಎಲ್ಲಿಂದ ತರ್ಲಿ, ಅಮ್ಮಾ?"

ಇನ್ಸ್‌ಪೆಕ್ಟರಮ್ಮ ಅವಳ ಹೆಗಲ ಮೇಲೆ ಕೈಯಿಟ್ಟರು. "ಕೊನೇಲಿ ನೋಡಿದ್ದು ಯಾವಾಗ?"

"ಊಟ ಮುಗಿಸಿ ಒಳಗೆ ಹೋಗೋವಾಗ. ಆಮೇಲೆ ಮಳೆ ಶುರುವಾಯ್ತು. ತಗಡಿನ ಮೇಲೆ ಆ ಸದ್ದು ಕೇಳ್ತಾ ಕೇಳ್ತಾ ನಿದ್ದೆ ಹತ್ತಿಬಿಡ್ತು."

ಮುಂಬಾಗಿಲ ಚಿಲಕ ಒಳಗಿನಿಂದಲೇ ಬಿದ್ದಿತ್ತು. ಇನ್ಸ್‌ಪೆಕ್ಟರಮ್ಮ ಹಿತ್ತಲ ಬಾಗಿಲಿಗೆ ನಡೆದರು. ಅಡುಗೆಮನೆಯ ನೆಲದಲ್ಲಿ ಒದ್ದೆ ಹೆಜ್ಜೆಗಳಿದ್ದವು. ಚಪ್ಪಲಿಯ ಗುರುತಲ್ಲ, ಬರಿಗಾಲು. ಚಿಲಕ ಹಾಕಿರದ ಬಾಗಿಲನ್ನು ಎಳೆದು ನೋಡಿದರು. ತೇವಕ್ಕೆ ಉಬ್ಬಿದ ಮರ ಕಿರ್ರೆಂದು ಓಣಿಗೆಲ್ಲ ಕೇಳುವಂತೆ ಕಿರುಚಿತು. ಹಿಡಿಯನ್ನು ಸ್ವಲ್ಪ ಮೇಲೆತ್ತಿ ಎಳೆದರು. ಈ ಸಲ ಸದ್ದೇ ಇಲ್ಲ.

ಮರಳಿ ಬಂದು ಪಂಜರದ ಸುತ್ತ ಕಣ್ಣಾಡಿಸಿದರು. "ರಾತ್ರಿ ಇದರ ಮೇಲೆ ಹಳೇ ಅಂಗಿ ಮುಚ್ತಿದ್ರಲ್ಲ, ಎಲ್ಲಿ?"

ಮನೆಯೊಡತಿ ಅತ್ತಿತ್ತ ನೋಡಿದಳು. "ಅಯ್ಯೋ, ಅದೂ ಇಲ್ಲ! ನಮ್ಮನೆಯವರ ಅಂಗಿ ಅದು. ಅದನ್ನ ಹೊದಿಸಿದ್ರೇನೇ ದೊರೆ ನಿದ್ದೆ ಮಾಡೋದು."

*

ಮೊದಲ ಅನುಮಾನ ಕೆಳಗಿನ ಕೋಣೆಯ ಯಜಮಾನರ ಮೇಲೆ ಬಿತ್ತು. ಅವರೂ ಪ್ರವಾಸಿಯೇ. ಕೆಮ್ಮು ಮಾತ್ರ ಅವರನ್ನು ಬಿಟ್ಟು ಒಂದು ದಿನವೂ ಪ್ರವಾಸ ಹೋಗಿರಲಿಲ್ಲ. "ಈ ಗಿಳಿ ಕತ್ತು ಹಿಸುಕ್ತೀನಿ" ಎಂದು ಬೆಳಿಗ್ಗೆಯಷ್ಟೇ ಕೂಗಾಡಿದ್ದರು. ಬೆರಳಿಗೆ ಬ್ಯಾಂಡೇಜ್ ಬೇರೆ. ಆಗಷ್ಟೇ ಹೊರಗಿನಿಂದ ಬಂದ ಅವರ ಜೇಬಿನಿಂದ ಒಂದು ಹಸಿರು ಗರಿ ಇಣುಕುತ್ತಿತ್ತು.

"ಇದೇನ್ರೀ?" ತಂಗಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಅಕ್ಕನಿಗಿಂತ ಅವಳಿಗೇ ಪೊಲೀಸ್ ಗತ್ತು ಜಾಸ್ತಿ.

"ಮೊಮ್ಮಗಳಿಗೆ ಅಂತ ನೆಲದಿಂದ ಎತ್ಕೊಂಡೆ. ನಾನು ಕೆಮ್ಮಿದ್ರೆ ಅದೂ ಕೆಮ್ಮುತ್ತೆ, ತಾಯೀ. ಮುದ್ದು ಮಾಡೋಣ ಅಂತ ಬೆರಳು ಕೊಟ್ರೆ ಕಚ್ಚಿಬಿಡ್ತು. ಸಿಟ್ಟು ಬಂದಿದ್ದು ನಿಜ, ಕದ್ದಿಲ್ಲ."

ಇನ್ಸ್‌ಪೆಕ್ಟರಮ್ಮ ಅವರ ಕೊರಳಪಟ್ಟಿ ನೋಡಿದರು. ಅದರ ಮೇಲೆ ಕತ್ತರಿಸಿದ ಕೂದಲಿನ ಚೂರುಗಳಿದ್ದವು. ತಲೆಗೆ ಹೊಸ ಕ್ರಾಪು. ಅಂಗಿ ಒಣಗಿತ್ತು.

"ಮಳೇಲಿ ಕ್ಷೌರದಂಗಡೀಲೇ ಸಿಕ್ಕಿಹಾಕ್ಕೊಂಡ್ರಾ?"

"ಹೂಂ. ಬೇಡ ಬೇಡ ಅಂದ್ರೂ ಮೀಸೇನೂ ತೆಗೆದುಬಿಟ್ಟ."

ಒದ್ದೆಯಾಗದ ಮನುಷ್ಯ ಒದ್ದೆ ಹೆಜ್ಜೆ ಇಡಲಾರ. ಅವರನ್ನು ಬಿಟ್ಟುಬಿಟ್ಟರು.

*

ಮಳೆ ನಿಂತು, ಬೀದಿಯಿಂದ ಹಬೆ ಏಳುತ್ತಿತ್ತು. ಅಕ್ಕತಂಗಿಯರು ಹಕ್ಕಿ ಮಾರುವವರ ಓಣಿಗೆ ಹೋದರು. ಅಂಗಡಿಯಿಂದ ಅಂಗಡಿಗೆ ವಿಚಾರಿಸಿದರು. ಮಾತಾಡುವ ಗಿಳಿಯನ್ನು ಮಾರಲು ಯಾರೂ ತಂದಿರಲಿಲ್ಲ.

"ಅಕ್ಕಾ, ದೀಪಸ್ತಂಭ ನೋಡೋಣ ಅಂತ ಬಂದೋರು ನಾವು" ಎಂದಳು ತಂಗಿ, ಬೆವರೊರೆಸಿಕೊಳ್ಳುತ್ತ. "ಅಲ್ಲ, ಆ ಕಳ್ಳನಿಗೆ ಬುದ್ಧಿ ಬೇಡ್ವಾ? ನಾನಾಗಿದ್ರೆ ಹಿತ್ತಾಳೆ ಪಂಜರ ಹೊತ್ಕೊಂಡು ಹೋಗ್ತಿದ್ದೆ. ಕಚ್ಚೋ ಗಿಳಿ ಯಾವನಿಗೆ ಬೇಕು?"

ಇನ್ಸ್‌ಪೆಕ್ಟರಮ್ಮ ನಿಂತುಬಿಟ್ಟರು.

"ಇನ್ನೊಂದ್ಸಲ ಹೇಳು."

"ಗಿಳಿ ಯಾವನಿಗೆ ಬೇಕು ಅಂದೆ."

"ಅದೇ. ಯಾವನಿಗೆ ಬೇಕು?" ಅವರು ಆಗಲೇ ಮನೆಯ ಕಡೆ ತಿರುಗಿದ್ದರು.

*

"ದೊರೆ ಏನೇನು ಮಾತಾಡ್ತಿತ್ತು? ಎಲ್ಲಾ ಹೇಳಿ" ಎಂದು ಮನೆಯೊಡತಿಯನ್ನು ಕೇಳಿದರು.

"ಬಾಗಿಲು ಹಾಕಿದ್ಯಾ ಅನ್ನೋದು. ಸೊಳ್ಳೆ ಸೊಳ್ಳೆ ಅಂತ ಬೈಯೋದು. ಮತ್ತೆ..." ಅವಳು ಸೆರಗಿನ ಅಂಚು ಸುತ್ತತೊಡಗಿದಳು. "ಚಿಕ್ಕೋನೇ, ಊಟ ಆಯ್ತಾ ಅನ್ನೋದು."

"ಚಿಕ್ಕೋನು ಅಂದ್ರೆ ಯಾರು?"

"ಗಿಳೀನೇ. ಅದಕ್ಕೇ ಹಾಗಂತಿದ್ರು."

"ದೊರೆ ಅಂತ ಹೆಸರಿಟ್ಟು ಚಿಕ್ಕೋನೇ ಅಂತ ಕರೀತಾರಾ, ತಾಯೀ?"

ಮನೆಯೊಡತಿ ನೆಲ ನೋಡಿದಳು.

"ನನ್ನ ಮೈದುನ. ಇದೇ ಮನೇಲಿ ಬೆಳೆದೋನು. ಹಡಗಿಗೆ ಕೆಲಸಕ್ಕೆ ಹೋದ. ಇವರು ಆಸ್ಪತ್ರೇಲಿ ಅವನ ಹೆಸರು ಹೇಳ್ತಾ ಹೇಳ್ತಾನೇ ಹೋದ್ರು. ಅವನು ಬಂದಿದ್ದು ಎಲ್ಲಾ ಮುಗಿದ ಮೇಲೆ. ಈ ಹೊಸ್ತಿಲು ತುಳೀಬೇಡ ಅಂದುಬಿಟ್ಟೆ. ಈಗ ಇಲ್ಲೇ ಬಂದರಲ್ಲಿ ದೋಣಿ ಇಂಜಿನ್ ರಿಪೇರಿ ಮಾಡ್ತಾನಂತೆ."

"ನಡೀರಿ, ಹೋಗೋಣ."

"ನಾನು ಬರಲ್ಲ."

"ಗಿಳಿ ಬೇಡ್ವಾ?"

ಅವಳು ಚಪ್ಪಲಿ ಮೆಟ್ಟಿಕೊಂಡಳು.

*

ದೋಣಿಕಟ್ಟೆಯ ಕೊನೆಯಲ್ಲಿ ಅವನ ಶೆಡ್ಡು. ಸುತ್ತ ಡೀಸೆಲ್ ವಾಸನೆ, ಬಿಚ್ಚಿಟ್ಟ ಇಂಜಿನ್ನುಗಳು. ಮರದ ಏಣಿಮೆಟ್ಟಿಲ ಮೇಲೆ ಒಂದು ಅಟ್ಟ. ಮನೆಯೊಡತಿ ಕೆಳಗೇ ನಿಂತಳು. ಮೆಟ್ಟಿಲಿಗೆ ಕಾಲಿಡಲಿಲ್ಲ.

ಮೇಲಿನಿಂದ ಸತ್ತವನ ದನಿ ಬಂತು: "ಚಿಕ್ಕೋನೇ, ಊಟ ಆಯ್ತಾ?"

ಅದರ ಹಿಂದೆಯೇ ಇನ್ನೊಂದು ದನಿ, ಮೆತ್ತಗೆ: "ಇನ್ನೂ ಇಲ್ಲ, ಅಣ್ಣಾ."

ಮನೆಯೊಡತಿ ಕಂಬ ಹಿಡಿದುಕೊಂಡಳು. ಆಮೇಲೆ, ಯಾರೂ ಹೇಳದೆಯೇ, ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿದಳು.

ಅಟ್ಟದಲ್ಲಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ ಗಂಡಸು ಧಡಕ್ಕನೆ ಎದ್ದ. ತಲೆ ನೆರೆತಿತ್ತು. ಬೆರಳುಗಳಲ್ಲಿ ಗ್ರೀಸಿತ್ತು. ಅಣ್ಣನ ಅಂಗಿ ಹಾಸಿದ ಕುರ್ಚಿಯ ಬೆನ್ನಿನ ಮೇಲೆ ದೊರೆ ರಾಜನಂತೆ ಕೂತಿತ್ತು.

"ಅತ್ತಿಗೇ..." ಎಂದ. ಅವಳ ಹಿಂದೆಯೇ ಹತ್ತಿಬಂದ ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿದ. "ನಾನು ಅಂತ ಹೇಗೆ ಗೊತ್ತಾಯ್ತು?"

"ಹಿತ್ತಲ ಬಾಗಿಲಿಂದ. ಸದ್ದಾಗದ ಹಾಗೆ ಅದನ್ನ ತೆಗೆಯೋದು ಆ ಮನೇಲಿ ಬೆಳೆದೋರಿಗೇ ಗೊತ್ತು. ನೀನು ಚಪ್ಪಲಿ ಹೊರಗೇ ಬಿಟ್ಟು ಬಂದಿದ್ದೆ. ಕಳ್ಳ ಹಾಗೆ ಬಿಡಲ್ಲಪ್ಪ, ಮನೆ ಮಗ ಬಿಡ್ತಾನೆ. ಮಾರೋನಾಗಿದ್ರೆ ಹಿತ್ತಾಳೆ ಪಂಜರ ಬಿಡ್ತಿರ್ಲಿಲ್ಲ. ಕಾಟ ತಾಳಲಾರದೋನು ಗಿಳೀನ ಹಾರಿಸಿಬಿಡ್ತಿದ್ದ, ಅಂಗಿ ಮುಟ್ತಿರ್ಲಿಲ್ಲ. ಅಂಗಿ ಒಯ್ದೋನಿಗೆ ಗಿಳಿ ರಾತ್ರಿ ನಿದ್ದೆ ಮಾಡ್ಬೇಕು ಅನ್ನೋ ಚಿಂತೆ ಇತ್ತು. ಅಪರಿಚಿತರನ್ನ ಕಚ್ಚೋ ದೊರೆ ನಿನ್ನ ಕೈಗೆ ಸುಮ್ನೆ ಬಂತು. ಕೊನೇದಾಗಿ, ಅದು ದಿನಾ ಊಟ ಆಯ್ತಾ ಅಂತ ಕೇಳ್ತಿದ್ದದ್ದು ನಿನ್ನನ್ನೇ."

ಅವನು ತಲೆತಗ್ಗಿಸಿದ. "ಓಣೀಲಿ ಹೋಗ್ತಾ ಬೇಲಿ ಹೊರಗೆ ನಿಂತು ಕೇಳಿಸ್ಕೋತಿದ್ದೆ. ಇವತ್ತು ಮಳೇಲಿ ಯಾಕೋ ತಡೆಯಕ್ಕಾಗ್ಲಿಲ್ಲ. ಎರಡು ದಿನ ಇಟ್ಕೊಂಡು ತಂದುಬಿಡೋಣ ಅಂತಿದ್ದೆ. ತಪ್ಪು ನಂದೇ. ಪೊಲೀಸರಿಗೆ ಹೇಳಿ, ಅತ್ತಿಗೆ."

ಮನೆಯೊಡತಿ ಗಿಳಿಯನ್ನು ನೋಡಲೇ ಇಲ್ಲ. ಅವನನ್ನೇ ನೋಡುತ್ತಿದ್ದಳು.

"ಸುದ್ದಿ ಬಂದಾಗ ನೀನು ಎಲ್ಲಿದ್ದೆ?" ಇಷ್ಟು ವರ್ಷ ಕೇಳದೇ ಇದ್ದ ಪ್ರಶ್ನೆ ಅದು.

"ನಡು ಸಮುದ್ರದಲ್ಲಿ. ಇಂಜಿನ್ ರೂಮಲ್ಲಿ. ಮೇಲಿಂದ ಯಾರೋ ಕೂಗಿ ಹೇಳಿದ್ರು. ಆ ಸದ್ದಲ್ಲಿ ಮೊದಲು ಕೇಳಿಸ್ಲೇ ಇಲ್ಲ. ದಡ ಸೇರೋವರೆಗೂ ಹಾಗೇ ಕೆಲಸ ಮಾಡ್ತಿದ್ದೆ."

"ಜೊತೇಲಿ ಯಾರಿದ್ರು?"

"ನಮ್ಮೋರು ಅನ್ನೋರು ಯಾರೂ ಇರ್ಲಿಲ್ಲ, ಅತ್ತಿಗೆ."

ಅವಳು ನಿಧಾನವಾಗಿ ಮಂಚದ ಮೇಲೆ ಕೂತಳು. ಕೈಯಿಂದ ಪಕ್ಕದ ಜಾಗ ಸವರಿದಳು.

"ಆಸ್ಪತ್ರೇಲಿ ನಂಗೂ ಯಾರೂ ಇರ್ಲಿಲ್ಲ ಕಣೋ" ಎಂದಳು. "ಬಾ, ಕೂತ್ಕೋ."

ತಂಗಿ ಮೂಗು ಒರೆಸಿಕೊಳ್ಳುತ್ತ ಅಲ್ಲೇ ನಿಂತುಬಿಟ್ಟಿದ್ದಳು. ಇನ್ಸ್‌ಪೆಕ್ಟರಮ್ಮ ಅವಳ ತೋಳು ಹಿಡಿದು, ಸದ್ದಾಗದಂತೆ ಮೆಟ್ಟಿಲಿಳಿದರು.